ಏಳನೇ ಮನೆಯ ಪಾಳಿ

ಮೂರನೇ ಮನೆ, ಮುಂದಿನ ಕೋಣೆ
ಏಪ್ರಿಲ್ ೮, ಸೋಮವಾರ

ಪ್ರೀತಿಯ ಗುಂಡಿ,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡ ಕೂಡಲೇ ಹರಿದುಹಾಕದೆ ಇಲ್ಲಿಯವರೆಗೆ ಬಂದಿದ್ದೀಯ ಎಂದರೆ ಅರ್ಧ ಕೆಲಸ ಆಯಿತು. ಉಳಿದರ್ಧ ನನ್ನದು. ಐದು ವರ್ಷದವಳಿದ್ದಾಗ ಅಪ್ಪನ ಕೋಟಿನ ಗುಂಡಿ ನುಂಗಿ ಮನೆಯವರನ್ನೆಲ್ಲ ಓಡಾಡಿಸಿದವಳು ನೀನು. ಐವತ್ತೇಳಾದರೂ ನನಗೆ ಗುಂಡಿಯೇ. ಹಾಗೆ ಕರೆದದ್ದಕ್ಕೂ ಸಿಟ್ಟು ಬಂದರೆ ಬರಲಿ, ಮೂರು ವರ್ಷದ ಸಿಟ್ಟಿನ ಜೊತೆ ಅದೂ ಒಂದು ಮೂಲೆಯಲ್ಲಿ ಕೂತಿರುತ್ತದೆ.

ನಿನ್ನ ವಿಳಾಸ ಕೊಟ್ಟವರು ಹಾರ್ನ್. ಬಸ್ಸು ಓಡಿಸುವುದು ಬಿಟ್ಟು ಆರು ವರ್ಷವಾದರೂ ಅವರ ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಗುಟ್ಟಾಗಿ ಹೇಳುತ್ತೇನೆ ಎಂದು ಹೇಳಿದ ವಿಳಾಸ ಚೌಕದ ಆಚೆ ಬದಿಗೂ ಕೇಳಿಸಿರಬೇಕು. ನೀನು ಅವರಿಗೆ ಆಗಾಗ ಕಾಗದ ಬರೆಯುತ್ತೀಯ ಎಂದು ನನಗೆ ಆಗಲೇ ಗೊತ್ತಾದದ್ದು. ಪಕ್ಕದ ಮನೆಯ ಡ್ರೈವರಿಗೆ ಕಾಗದ, ಒಡಹುಟ್ಟಿದ ಅಕ್ಕನಿಗೆ ಒಂದು ಗೆರೆಯೂ ಇಲ್ಲ ಎಂದು ಅರ್ಧ ಗಂಟೆ ಉರಿದೆ. ಆಮೇಲೆ, ನಾನು ನಿನಗೆ ಬರೆದದ್ದಾದರೂ ಎಷ್ಟು ಎಂದು ಕೇಳಿಕೊಂಡು ಸುಮ್ಮನಾದೆ.

ಸುತ್ತುಬಳಸಿ ಹೇಳಿ ನನಗೆ ಅಭ್ಯಾಸವಿಲ್ಲ. ವಿಷಯ ಇದು. ನಮ್ಮ ಹನ್ನೆರಡು ಮನೆಗಳ ನಡುವಿನ ತೋಟದ ಹಿಪ್ಪುನೇರಳೆ ಮರವನ್ನು ಬುಡಸಮೇತ ತೆಗೆಸಬೇಕು ಎಂದು ಒಂದನೇ ಮನೆಯ ಮೇಷ್ಟ್ರು ಸಭೆ ಕರೆದಿದ್ದಾರೆ. ಇಪ್ಪತ್ತೊಂದನೇ ತಾರೀಕು, ಭಾನುವಾರ ಸಂಜೆ ಐದಕ್ಕೆ, ಆ ಮರದ ಕೆಳಗೇ. ತೆಗೆಯಲಿ ಎನ್ನುವ ಮನೆಗಳು ಆರು. ಬೇಡ ಎನ್ನುವ ಮನೆಗಳು ಐದು. ಹನ್ನೆರಡನೆಯದು ನಿನ್ನದು.

ಅಪ್ಪ ಗೇಟಿನ ಒಳಗೆ ಬರೆದು ನಿಲ್ಲಿಸಿದ ತಗಡಿನ ಬೋರ್ಡು ನೆನಪಿದೆಯಲ್ಲ. ಊರಿನ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದ ಮನುಷ್ಯ, ನಮ್ಮ ಚೌಕದ್ದನ್ನು ಬರೆಯಲು ಮಾತ್ರ ಮೂರು ಭಾನುವಾರ ತೆಗೆದುಕೊಂಡರು. ತೋಟದ ನೀರಿಗೆ ಒಂದು ವಾರ ಒಂದು ಮನೆ. ಸಭೆಯಲ್ಲಿ ಒಂದು ಮನೆಗೆ ಒಂದು ಕೈ. ಮೂರು ಪಾಳಿ ತಪ್ಪಿದ ಮನೆಗೆ ಕೈ ಇಲ್ಲ, ಏಳು ದಿನ ನೀರು ಹಾಕಿದರೆ ಕೈ ಮರಳಿ ಬಂತು. ಕೊನೆಯ ಸಾಲನ್ನು ಹಸಿರು ಬಣ್ಣದಲ್ಲಿ ಬರೆದಿದ್ದರು: ಕೈಗಳು ಸಮವಾದರೆ ಗಿಡದ ಪರ. ಬಣ್ಣ ಅಲ್ಲಲ್ಲಿ ಎದ್ದಿದೆ, ಆದರೆ ಆ ಬೋರ್ಡನ್ನು ನಾನು ಓದಬೇಕಾಗಿಲ್ಲ, ಬಾಯಿಪಾಠ.

ನಿನ್ನ ಕೈ ಎದ್ದರೆ ಆರಕ್ಕೆ ಆರು. ಮರ ಉಳಿಯಿತು. ನಿನ್ನ ಕೈ ಇಲ್ಲದಿದ್ದರೆ ಮರ ಹೋಯಿತು. ಆದರೆ ನಿನಗೆ ಕೈ ಇದೆಯೇ ಇಲ್ಲವೇ ಎನ್ನುವುದೇ ಈಗಿನ ರಗಳೆ. ಆ ರಗಳೆ ಎಬ್ಬಿಸಿದವಳು ನಾನೇ. ಅದನ್ನು ಬೇರೆಯವರ ಬಾಯಿಂದ, ಮುಖ್ಯವಾಗಿ ಹಾರ್ನ್ ಬಾಯಿಂದ, ಕೇಳುವ ಮೊದಲು ನಾನೇ ಹೇಳುತ್ತೇನೆ.

ನೀನು ಹೋದ ಮೇಲೆ ಮೊದಲ ಸಲ ಏಳನೇ ಮನೆಯ ಪಾಳಿ ಬಂದಾಗ ಏನಾಯಿತು ಗೊತ್ತಾ? ಆರನೇ ಮನೆಯ ನರ್ಸಮ್ಮ ಭಾನುವಾರ ಸಂಜೆ ತಮ್ಮ ಪಾಳಿ ಮುಗಿಸಿ, ರೂಢಿಯಂತೆ ನೀರಿನ ಕ್ಯಾನನ್ನು ತಂದು ನಿನ್ನ ಬಾಗಿಲ ಕೊಕ್ಕೆಗೆ ತೂಗುಹಾಕಿ ಹೋದರು. ಬಾಗಿಲು ತಟ್ಟುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ಬೀಗದ ಕಡೆ ಅವರ ಗಮನವೇ ಹೋಗಲಿಲ್ಲ. ಸೋಮವಾರ ಕ್ಯಾನು ಅಲ್ಲೇ ಇತ್ತು. ಮಂಗಳವಾರವೂ ಅಲ್ಲೇ. ನನ್ನ ಹೊಲಿಗೆ ಯಂತ್ರದ ಮುಂದೆ ಕೂತರೆ ಚೌಕದಾಚೆ ಮೊದಲು ಕಾಣುವುದೇ ನಿನ್ನ ಬಾಗಿಲು. ಬುಧವಾರ ಬೆಳಿಗ್ಗೆ ಗಿರಾಕಿಯ ತೋಳನ್ನು ತಿರುವುಮುರುವಾಗಿ ಹೊಲಿದುಬಿಟ್ಟೆ. ಬಿಚ್ಚುವಾಗ ಸಿಟ್ಟು ಬಂತು. ಎದ್ದು ಹೋಗಿ ಕ್ಯಾನು ಇಳಿಸಿ, ನಲ್ಲಿ ತಿರುಗಿಸಿ, ಹದಿನೆಂಟು ಕ್ಯಾನು ನೀರು ಹಾಕಿದೆ. ಗಿಡಗಳ ಮೇಲಿನ ಕನಿಕರಕ್ಕಲ್ಲ. ಮುಚ್ಚಿದ ಬಾಗಿಲಲ್ಲಿ ಆ ಕ್ಯಾನು ತೂಗುವುದನ್ನು ನೋಡಲಾರದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಕೆಲಸ ಎನ್ನಿಸಿಕೊಳ್ಳುತ್ತಿತ್ತು. ಗೇಟಿನ ಡಬ್ಬಿಯಲ್ಲಿರುವ ಪಾಳಿ ಪುಸ್ತಕ ತೆಗೆದೆ. ತಾರೀಕು ಬರೆದೆ. ಆಮೇಲೆ ನಿನ್ನ ಸಹಿ ಹಾಕಿದೆ.

ಹೌದು, ನಿನ್ನ ಸಹಿ. ಕೊನೆಯ ಅಕ್ಷರದ ಬಾಲವನ್ನು ಕೊಕ್ಕೆಯಂತೆ ಹಿಂದಕ್ಕೆ ಎಳೆಯುತ್ತೀಯಲ್ಲ, ಅದೂ ಸೇರಿದಂತೆ. ಚಿಕ್ಕವರಿದ್ದಾಗ ನಿನ್ನ ಶಾಲೆಯ ಪುಸ್ತಕದಲ್ಲಿ ಅಮ್ಮನ ಸಹಿ ಹಾಕಿಕೊಡುತ್ತಿದ್ದವಳು ನಾನು, ಕೈ ಮರೆತಿರಲಿಲ್ಲ. ಹೀಗೆ ಮೂರು ವರ್ಷ, ಹನ್ನೆರಡು ವಾರಕ್ಕೊಮ್ಮೆ, ನೀನು ಇಲ್ಲೇ ಇದ್ದು ತಪ್ಪದೆ ನೀರು ಹಾಕಿದ್ದೀಯ. ಪುಸ್ತಕ ನೋಡಿದರೆ ಚೌಕದಲ್ಲಿ ನಿನ್ನಷ್ಟು ನಿಯತ್ತಿನ ಮನೆ ಇನ್ನೊಂದಿಲ್ಲ. ಹೋದ ವರ್ಷ ಮೇಷ್ಟ್ರು ಪುಸ್ತಕ ತಿರುವಿ ಹಾಕುತ್ತ, ಏಳನೆಯವರು ಯಾವಾಗ ಬಂದು ಹೋಗುತ್ತಾರೋ ಕಾಣಿಸುವುದೇ ಇಲ್ಲ, ಆದರೆ ಕೆಲಸ ಅಚ್ಚುಕಟ್ಟು ಎಂದು ಹೊಗಳಿದರು. ನನಗೆ ನಗು ತಡೆಯಲಾಗದೆ ಕೆಮ್ಮಿದೆ.

ನಿನ್ನ ಕೈ ಹೋಗಬಾರದು, ಅಷ್ಟೇ ನನಗಿದ್ದದ್ದು. ನೀನು ಇನ್ನೆಂದೂ ಬರುವುದಿಲ್ಲ ಎಂದು ಹೇಳಿ ಹೋಗಿದ್ದೆ. ಬಂದರೆ ನಿಲ್ಲಲು ಜಾಗ ಇರಲಿ ಎಂದು ನಾನು ಅಂದುಕೊಂಡೆ. ನಿನಗೆ ಒಂದು ಮಾತು ಹೇಳದೆ ನಿನ್ನ ಹೆಸರನ್ನು ಬಳಸಿದೆ, ಅದು ತಪ್ಪು. ಆದರೆ ಮತ್ತೆ ಅದೇ ಬುಧವಾರ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ ಎನ್ನುವುದೂ ನಿಜ.

ಬಾಗಿಲಲ್ಲಿ ಯಾರೋ ಗಿರಾಕಿ. ಕೋಟಿನ ಅಳತೆ. ನಾಳೆ ಮುಂದುವರಿಸುತ್ತೇನೆ.

ಮಂಗಳವಾರ, ಬೆಳಿಗ್ಗೆ

ಸಿಕ್ಕಿಬಿದ್ದ ಕಥೆ ಹೇಳಬೇಕು.

ಜನವರಿ ಪಾಳಿಯಲ್ಲಿ ಕನ್ನಡಕ ಮನೆಯಲ್ಲೇ ಮರೆತು ಹೋಗಿ, ಗುರುವಾರದ ಸಹಿಯನ್ನು ಬುಧವಾರದ ಸಹಿಯ ಮೇಲೆಯೇ ಹಾಕಿದ್ದೆ. ಶುಕ್ರವಾರದ್ದು ಪಕ್ಕದ ಪುಟಕ್ಕೆ ಹೋಗಿ ಎಂಟನೇ ಮನೆಯ ಪಾಳಿಯಲ್ಲಿ ಕೂತಿತ್ತು. ಮರದ ಸಭೆಗೆ ಯಾರಿಗೆ ಕೈ ಇದೆ ಎಂದು ಪರೀಕ್ಷಿಸಲು ಮೇಷ್ಟ್ರು ಪುಸ್ತಕ ಮನೆಗೆ ಒಯ್ದರು. ಮೂವತ್ತೈದು ವರ್ಷ ಗಣಿತದ ಉತ್ತರ ಪತ್ರಿಕೆ ತಿದ್ದಿದ ಕಣ್ಣು ಅವರದು, ನಕಲು ಹೊಡೆದವರನ್ನು ವಾಸನೆಯಲ್ಲೇ ಹಿಡಿಯುತ್ತಾರೆ. ಕಳೆದ ಶನಿವಾರ ನನ್ನ ಬಾಗಿಲಿಗೆ ಬಂದು, ಏಳನೇ ಮನೆಯ ಸಹಿ ಯಾರೋ ಹಾಕುತ್ತಿದ್ದಾರೆ, ನಿಮಗೇನಾದರೂ ಗೊತ್ತೇ ಎಂದು ಮೆತ್ತಗೆ ಕೇಳಿದರು. ನನಗೇನು ಗೊತ್ತು, ನನಗ್ಯಾಕೆ ಗೊತ್ತಿರಬೇಕು, ನಾನ್ಯಾಕೆ ಹಾಕಲಿ ಎಂದು ಒಂದೇ ಉಸಿರಿನಲ್ಲಿ ಮೂರು ಉತ್ತರ ಕೊಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಷ್ಟ್ರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟರು.

ಅವರು ಚೌಕದ ಅರ್ಧ ದಾರಿ ಹೋಗುವಷ್ಟರಲ್ಲಿ ನನಗೆ ನಾಚಿಕೆ ಹತ್ತಿತು. ಅರುವತ್ತೆರಡು ವರ್ಷಕ್ಕೆ, ಒಳ್ಳೆಯ ಮನುಷ್ಯನ ಮುಖಕ್ಕೆ ಸುಳ್ಳು ಹೇಳಿ, ಬಾಗಿಲ ಹಿಂದೆ ಅವಿತು ನಿಲ್ಲುವುದೆಂದರೆ! ಚಪ್ಪಲಿ ಮೆಟ್ಟಿ ಗೇಟಿಗೆ ಹೋದೆ. ಕ್ಯಾನು ಅಲ್ಲೇ ನಲ್ಲಿಯ ಕೆಳಗಿತ್ತು. ಅದರ ತಳಕ್ಕೆ ಗೇಟಿನ ಕೀಲಿಯಿಂದ ಬಡಿದೆ. ಚೌಕದ ಜನರನ್ನು ಸೇರಿಸಬೇಕೆಂದರೆ ಹೀಗೆ ಬಡಿಯಬೇಕು ಎನ್ನುವುದು ನಿನಗೆ ಗೊತ್ತೇ ಇದೆ. ನೀನು ಹೋದ ಮೇಲೆ ಯಾರೂ ಬಡಿದಿರಲಿಲ್ಲ. ಬೆಂಕಿ ಬಿತ್ತೇನೋ ಎಂದು ಬೇಕರಿಯವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು.

ಹತ್ತು ಮನೆಯವರ ಮುಂದೆ ನಿಂತು ಹೇಳಿದೆ. ಏಳನೇ ಮನೆಯ ನೀರು ಹಾಕಿದ್ದು ನಾನು, ಸಹಿ ಹಾಕಿದ್ದೂ ನಾನು, ನನ್ನ ತಂಗಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ, ಶಿಕ್ಷೆ ಏನಿದ್ದರೂ ನನಗೆ ಎಂದು. ಆಮೇಲೆ ನರ್ಸಮ್ಮ ನಗಲು ಶುರು ಮಾಡಿದರು. "ಅಯ್ಯೋ, ಅದೇನ್ ಹೊಸ ವಿಷ್ಯ? ಏಳನೇ ಮನೆ ಪಾಳಿ ಬಂದಾಗೆಲ್ಲ ಕ್ಯಾನಿನ ಹಿಡಿ ಮೇಲೆ ನೀಲಿ ಸೀಮೆಸುಣ್ಣ ಇರ್ತಿತ್ತು. ಈ ಚೌಕದಲ್ಲಿ ಬಟ್ಟೆ ಮೇಲೆ ಗೆರೆ ಎಳೆಯೋರು ಇನ್ಯಾರಿದ್ದಾರೆ?" ಎಂದರು. ಬೇಕರಿಯವರು, ನನಗೂ ಗೊತ್ತಿತ್ತು ಎಂದರು. ಹತ್ತನೇ ಮನೆಯವರಿಗೂ ಗೊತ್ತಿತ್ತಂತೆ. ಹಾರ್ನ್, ತಮಗೂ ಗೊತ್ತಿತ್ತು, ಆದರೆ ತಾವು ಗುಟ್ಟು ಬಿಡುವವರಲ್ಲ ಎಂದು ಬೀದಿಯ ತುದಿಗೆ ಕೇಳಿಸುವ ಹಾಗೆ ಹೇಳಿದರು. ಇಡೀ ಚೌಕದಲ್ಲಿ ಗೊತ್ತಿಲ್ಲದೆ ಇದ್ದದ್ದು ಮೇಷ್ಟ್ರಿಗೆ ಒಬ್ಬರಿಗೇ. ಪಾಪ, ಅವರ ಮುಖ ಸಣ್ಣದಾಯಿತು. ನನಗೆ ಅದೇ ಹೆಚ್ಚು ನೋವಾದದ್ದು.

ಮೇಷ್ಟ್ರ ಮೇಲೆ ನೀನು ಸಿಟ್ಟಾಗಬೇಡ. ಹೋದ ವರ್ಷ ಹಣ್ಣು ಉದುರುವ ಕಾಲದಲ್ಲಿ ಅವರ ಹೆಂಡತಿ ಆ ಕಲ್ಲುಹಾಸಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇವತ್ತಿಗೂ ಆ ಕೈಯಲ್ಲಿ ಲೋಟ ಎತ್ತಲಾಗುವುದಿಲ್ಲ. ದಿನಾ ಅದನ್ನು ನೋಡುವವರು ಮರ ಬೇಡ ಎಂದರೆ ತಪ್ಪು ಹೇಗಾದೀತು. ಬೇರು ಕಲ್ಲುಗಳನ್ನು ಎತ್ತಿರುವುದೂ ಹೌದು. ಅದಕ್ಕೆ ಏನು ಮಾಡಬೇಕು ಎಂದು ನಾನು ಯೋಚಿಸಿದ್ದೇನೆ, ಮುಂದೆ ಹೇಳುತ್ತೇನೆ.

ಮೇಷ್ಟ್ರು ಬಿಗಿ, ಆದರೆ ಮೋಸವಿಲ್ಲ. ಅಲ್ಲೇ ತೀರ್ಪು ಕೊಟ್ಟರು. ಹೇಳದೆ ಕೇಳದೆ ಬೇರೆಯವರು ಹಾಕಿದ ಸಹಿ ಸಹಿಯಲ್ಲ, ಆದ್ದರಿಂದ ಮೂರು ವರ್ಷದ ಪಾಳಿ ಅಷ್ಟೂ ವಜಾ, ಏಳನೇ ಮನೆಗೆ ಈಗ ಕೈ ಇಲ್ಲ. ಬೇಡ ಎನ್ನುವವರ ಮುಖ ಇಳಿಯಿತು. ಆಗ ಮೇಷ್ಟ್ರೇ ಬೋರ್ಡಿನ ಮುಂದೆ ಹೋಗಿ ನಿಂತು, ಬೆರಳಿಟ್ಟು ಅಪ್ಪನ ಮೂರನೇ ಸಾಲಿನ ಉಳಿದರ್ಧ ಓದಿದರು. ಏಳು ದಿನ ನೀರು ಹಾಕಿದರೆ ಕೈ ಮರಳಿ ಬಂತು. ಹದಿನೈದನೇ ತಾರೀಕು ಸೋಮವಾರದಿಂದ ಏಳನೇ ಮನೆಯ ಪಾಳಿ, ಅದು ಮುಗಿಯುವುದು ಸಭೆಯ ದಿನವೇ, ಅವರು ತಮ್ಮ ಕೈಯಾರೆ ಏಳು ದಿನ ಹಾಕಿದರೆ ಸಂಜೆ ಐದಕ್ಕೆ ಅವರ ಕೈಯನ್ನೂ ಎಣಿಸುತ್ತೇನೆ ಎಂದರು. ತಮ್ಮ ವಿರುದ್ಧ ಬೀಳುವ ಸಾಲನ್ನು ತಾವೇ ಓದಿ ಹೇಳಿದ ಮನುಷ್ಯ, ಗುಂಡಿ. ಅವರ ಮುಂದೆ ಸುಳ್ಳು ಹೇಳಿದ್ದೆನಲ್ಲ ಎಂದು ಮತ್ತೊಮ್ಮೆ ನಾಚಿಕೆಯಾಯಿತು.

ಆದ್ದರಿಂದ ನೀನು ಬರಬೇಕು. ಭಾನುವಾರದ ಸಂಜೆಗೆ ಬಂದು ಕೈ ಎತ್ತಿ ಹೋಗುವುದಲ್ಲ. ಹದಿನಾಲ್ಕಕ್ಕೇ ಬರಬೇಕು, ವಾರ ಪೂರ್ತಿ ಇರಬೇಕು.

ಈಗ ನೀನು ಕೇಳುವ ಪ್ರಶ್ನೆ ನನಗೆ ಕೇಳಿಸುತ್ತಿದೆ. ಅವತ್ತು ಕೊಂಬೆ ಕಡಿಯಲಿ ಎಂದು ಕೈ ಎತ್ತಿದವಳಿಗೆ ಇವತ್ತು ಮರದ ಮೇಲೆ ಇಷ್ಟೇಕೆ ಪ್ರೀತಿ ಎಂದು.

ಆ ಸಭೆಯನ್ನು ಮೂರು ವರ್ಷದಲ್ಲಿ ನಾನು ಮನಸ್ಸಿನಲ್ಲೇ ಎಷ್ಟು ಸಲ ನಡೆಸಿದ್ದೇನೋ ನನಗೇ ಗೊತ್ತಿಲ್ಲ, ಗಿರಾಕಿಯ ಬಟ್ಟೆಗೆ ಇಸ್ತ್ರಿ ಹಾಕುವಾಗ, ಚಹಾಕ್ಕೆ ನೀರಿಡುವಾಗ. ನಿನ್ನ ಬಡಗಿ ಗಂಡ ತೀರಿಹೋಗಿ ಐದು ತಿಂಗಳಾಗಿತ್ತು. ಅವರು ಉಯ್ಯಾಲೆ ಕಟ್ಟಿದ್ದ ಕೊಂಬೆ ಅದು, ತಮ್ಮ ಕೈಯಾರೆ ಹಲಗೆ ಕೊರೆದು, ಅಂಚು ನಯ ಮಾಡಿ. ಅವರು ಹೋದ ಮೇಲೆ ನೀನು ಸಂಜೆ ಹೊತ್ತು ಅಲ್ಲೇ ಕೂರುತ್ತಿದ್ದೆ, ತೂಗಿಕೊಳ್ಳುತ್ತಲೂ ಇರಲಿಲ್ಲ, ಕಾಲು ನೆಲಕ್ಕೆ ಊರಿ ಸುಮ್ಮನೆ. ನನ್ನ ಕಿಟಕಿಯಿಂದ ನಿನ್ನ ಬೆನ್ನು ಕಾಣುತ್ತಿತ್ತು. ಅದನ್ನೆಲ್ಲ ನೋಡಿಯೂ, ಕೊಂಬೆ ಕಡಿಯಲಿ ಎಂದು ಆರು ಕೈ ಎದ್ದಾಗ ಏಳನೆಯ ಕೈ ನಾನು ಎತ್ತಿದೆ. ನಾನು ಎತ್ತದೆ ಇದ್ದಿದ್ದರೆ ಆರಕ್ಕೆ ಆರು, ಕೊಂಬೆ ಉಳಿಯುತ್ತಿತ್ತು. ನೀನು ಎದ್ದು ಬಂದು, ಯಾಕೆ ಅಕ್ಕ, ನನ್ನ ಮುಖ ನೋಡಿ ಹೇಳು ಎಂದೆ. ನಾನು ಮುಖ ತಿರುಗಿಸಿ, ಒಣಗಲು ಹಾಕಿದ ಗಿರಾಕಿಗಳ ಬಿಳಿ ಬಟ್ಟೆಗೆ ಹಣ್ಣಿನ ಕಲೆಯಾಗುತ್ತದೆ ಎಂದು ಬೇಲಿಗೆ ಹೇಳಿದೆ. ಕೊಂಬೆ ಬಿದ್ದದ್ದು ಶುಕ್ರವಾರ. ನಿನ್ನ ಬಾಗಿಲಿಗೆ ಬೀಗ ಬಿದ್ದದ್ದು ಮುಂದಿನ ಬುಧವಾರ. ಐದು ಗಂಟೆ ರೈಲಿನ ದೂರದ ಊರು, ಯಾವುದೋ ಔಷಧಿ ಅಂಗಡಿಯ ಕೆಲಸ. ಹೊರಡುವಾಗ ನೀನು ನನ್ನ ಮನೆಯ ಮುಂದೆ ಬರದೆ ಚೌಕವನ್ನು ಆ ಕಡೆಯಿಂದ ಸುತ್ತಿಕೊಂಡು ಹೋದೆ. ಕಿಟಕಿಯಲ್ಲಿ ನಾನಿದ್ದೆ.

ಕಲೆಯ ಮಾತು ಸುಳ್ಳು. ಕಲೆಯಾಗಿದ್ದು ಒಂದೇ ಒಂದು ಸಲ, ಅದೂ ನಿಂಬೆಹಣ್ಣಿಗೆ ಹೋಗಿತ್ತು. ನಿಜವಾದ ಕಾರಣ ಬೆಳಕು. ಆ ಕೊಂಬೆ ನನ್ನ ಕಿಟಕಿಗೆ ಅಡ್ಡ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಹತ್ತು ನಿಮಿಷ ಹಿಡಿಯುತ್ತಿತ್ತು, ಕಪ್ಪು ಬಟ್ಟೆಯ ಮೇಲೆ ಕಪ್ಪು ಹೊಲಿಗೆ ಕಾಣುತ್ತಿರಲಿಲ್ಲ, ಒಬ್ಬ ಗಿರಾಕಿ ಬಟ್ಟೆಯನ್ನು ಮೇಜಿನ ಮೇಲೆ ಎಸೆದು ಹೋಗಿದ್ದ. ಕತ್ತರಿ ಹಿಡಿದ ದಿನದಿಂದ ನನ್ನ ಹೊಲಿಗೆಗೆ ಯಾರೂ ಹೆಸರಿಟ್ಟಿರಲಿಲ್ಲ. ನನಗೆ ಬೆಳಕು ಬೇಕು, ಕೊಂಬೆ ಕಡಿಯೋಣ ಎಂದು ಕೇಳಿದ್ದರೆ ನೀನು ಒಪ್ಪುತ್ತಿದ್ದೆಯೋ ಏನೋ. ಆದರೆ ತಂಗಿಯ ಉಯ್ಯಾಲೆಯ ಎದುರು ನನ್ನ ಬೆಳಕನ್ನು ಇಟ್ಟು ತೂಗಿಸಲು ಬಾಯಿ ಬರಲಿಲ್ಲ. ಕಲೆಯ ನೆಪ ಸುಲಭವಾಗಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಿದ್ದಳು ಅಮ್ಮ. ನಾನು ಸಿಟ್ಟೂ ಇಲ್ಲದೆ ಕೊಯ್ದೆ, ಅದೂ ನಿನ್ನದನ್ನು. ಕ್ಷಮಿಸು ಎಂದು ಬರೆಯಲು ಮೂರು ವರ್ಷ ಹಿಡಿಯಿತು. ಕ್ಷಮಿಸು.

ಹಾರ್ನ್ ಬಂದಿದ್ದಾರೆ, ಈ ದಿನದ ಸೂಜಿಗಳನ್ನು ಪೋಣಿಸಲು. ನನ್ನ ಬೆರಳುಗಳಿಗೆ ವಾತ ಹಿಡಿದಿದೆ ಎಂದು ಹೇಳಿದ್ದೇನೆ, ಅದಕ್ಕೇ ಪಾಪ ದಿನಾ ಬೆಳಿಗ್ಗೆ ಬಂದು ಇಪ್ಪತ್ತು ಸೂಜಿಗೆ ದಾರ ಹಾಕಿ, ಬಣ್ಣದ ಪ್ರಕಾರ ಸಾಲಾಗಿ ಚುಚ್ಚಿಟ್ಟು ಹೋಗುತ್ತಾರೆ. ಅಷ್ಟು ದೊಡ್ಡ ಸ್ಟಿಯರಿಂಗ್ ಹಿಡಿದ ಕೈ, ಸೂಜಿ ಹಿಡಿದಾಗ ನೋಡಬೇಕು. ಅವರು ಹೋಗಲಿ, ಉಳಿದದ್ದು ಬರೆಯುತ್ತೇನೆ.

ಮಂಗಳವಾರ, ಮಧ್ಯಾಹ್ನ

ನಿನ್ನ ಮನೆ ತೆರೆದೆ. ಬೈಯಬೇಡ, ಒಂದು ಕೀಲಿ ನನ್ನ ಹತ್ತಿರ ಇದ್ದೇ ಇತ್ತು. ಬಾಗಿಲು ಉಬ್ಬಿಕೊಂಡು ಕೆಳಗೆ ಉಜ್ಜುತ್ತಿತ್ತು, ಬೇಕರಿಯವರು ಹೆಗಲು ಕೊಟ್ಟು ನೂಕಿದರು. ಮುಂದಿನ ಕೋಣೆ, ಅಡುಗೆಮನೆ, ಮಲಗುವ ಕೋಣೆ ಮೂರನ್ನೂ ಗುಡಿಸಿ ಒರೆಸಿದೆ. ಪರದೆಗಳನ್ನು ಒಗೆದು, ಅಂಚು ಬಿಚ್ಚಿದ್ದನ್ನು ಹೊಲಿದು ಮತ್ತೆ ಹಾಕಿದೆ. ಹೊಲಿಗೆ ಅಲ್ಲಲ್ಲಿ ಡೊಂಕಾಗಿರಬಹುದು, ನೋಡಿಯೂ ನೋಡದ ಹಾಗಿರು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಹಾರ್ನ್ ವಾಷರ್ ಬದಲಿಸಿದರು. ಹಿತ್ತಲ ಕೋಣೆಯಲ್ಲಿ ನಿನ್ನ ಬಡಗಿಯ ಉಳಿ, ಗರಗಸ, ಸುತ್ತಿಗೆ ಎಲ್ಲ ಗೋಡೆಯ ಮೊಳೆಗಳಲ್ಲಿ ಅವರು ಇಟ್ಟ ಹಾಗೇ ಇವೆ. ಅದನ್ನು ಮಾತ್ರ ನಾನು ಮುಟ್ಟಲಿಲ್ಲ. ಧೂಳನ್ನೂ ಒರೆಸಲಿಲ್ಲ.

ಉಯ್ಯಾಲೆಯ ಹಲಗೆ ಎಲ್ಲಿ ಹೋಯಿತು ಎಂದು ಅವತ್ತು ಎಲ್ಲರನ್ನೂ ಕೇಳಿದ್ದೆಯಂತೆ. ನನ್ನ ಹತ್ತಿರ ಇದೆ. ಕಡಿದವರು ಸೌದೆಯ ಜೊತೆ ಎತ್ತಿ ಹಾಕುವಾಗ ನಾನು ಕಿತ್ತುಕೊಂಡು ಬಂದೆ. ಹೊಲಿಗೆ ಯಂತ್ರದ ಹಿಂದೆ, ಗೋಡೆಗೆ ಒರಗಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಇಟ್ಟಿದ್ದೇನೆ. ಅವತ್ತೇ ಕೊಡಬೇಕಿತ್ತು. ಕೊಂಬೆ ಕಡಿಸಿದ ಕೈಯಲ್ಲೇ ಹಲಗೆ ಹಿಡಿದುಕೊಂಡು ನಿನ್ನ ಬಾಗಿಲಿಗೆ ಬರುವ ಧೈರ್ಯ ಆಗಲಿಲ್ಲ.

ಇನ್ನು ಮರದ ಮಾತು. ಹಣ್ಣಿನ ಕಾಲ ಬರುತ್ತಿದೆ. ಕೊಂಬೆ ಕಡಿದ ಜಾಗದಲ್ಲಿ ತೋಳುದ್ದದ ಏಳೆಂಟು ಚಿಗುರು ಬಂದಿವೆ, ಹಿಪ್ಪುನೇರಳೆಗೆ ಮಾನ ಮರ್ಯಾದೆ ಇಲ್ಲ, ಕಡಿದಷ್ಟೂ ಬರುವ ಜಾತಿ ಅದು. ಮೇಷ್ಟ್ರ ಹೆಂಡತಿ ಬಿದ್ದ ಕಡೆ ಕಲ್ಲುಗಳನ್ನು ಎತ್ತಿಸಿ, ಬೇರಿಗೆ ಜಾಗ ಬಿಟ್ಟು, ದಾರಿಯನ್ನು ಬೇಲಿಯ ಪಕ್ಕಕ್ಕೆ ಸರಿಸಬೇಕು. ಹಣ್ಣು ಉದುರುವ ಆರು ವಾರ ಕೆಳಗೆ ಬಟ್ಟೆ ಹಾಸಬೇಕು. ಬಟ್ಟೆ ನಾನು ಹೊಲಿಯುತ್ತೇನೆ, ಈಗಾಗಲೇ ಹನ್ನೊಂದು ಹಳೆಯ ಪರದೆ ಸೇರಿಸಿ ಜೋಡಿಸಿದ್ದೇನೆ. ದೊಡ್ಡ ಹೊಲಿಗೆ, ಉದ್ದದ ಹೊಲಿಗೆ, ಅದಕ್ಕೆ ನಾಜೂಕು ಬೇಕಾಗಿಲ್ಲ. ಆ ಬಟ್ಟೆಯನ್ನು ದಿನಾ ಬೆಳಿಗ್ಗೆ ಎತ್ತಿ ಕೊಡವುವ ಕೆಲಸವೂ ಪಾಳಿಯಲ್ಲಿ ಸೇರಲಿ ಎಂದು ಸಭೆಯಲ್ಲಿ ಹೇಳುತ್ತೇನೆ. ನಿನ್ನೆ ಮೇಷ್ಟ್ರ ಮನೆಗೆ ಹೋಗಿ ಅವರ ಹೆಂಡತಿಯ ಮುಂದೆ ಆ ಹಾಸುಬಟ್ಟೆ ಹರಡಿ ತೋರಿಸಿದೆ. ಆಕೆ ಒಳ್ಳೆಯ ಕೈಯಿಂದ ಅದರ ಅಂಚು ಎಳೆದು ನೋಡಿ, ಗಟ್ಟಿ ಇದೆ ಎಂದರು. ಮರದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಅವರ ಮನೆಯ ಕೈ ಬದಲಾಗುತ್ತದೆ ಎಂದು ನಾನು ನೆಚ್ಚಿಕೊಂಡಿಲ್ಲ, ನೀನೂ ನೆಚ್ಚಿಕೊಳ್ಳಬೇಡ. ಎಣಿಸುವಾಗ ಆರು ಎಂದೇ ಎಣಿಸು.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನನ್ನ ಪರವಾಗಿ ಕೈ ಎತ್ತು ಎಂದು ನಾನು ಕೇಳುತ್ತಿಲ್ಲ. ಏಳು ದಿನ ನೀರು ಹಾಕು. ಆ ಮೇಲೆ, ಉಯ್ಯಾಲೆಯೇ ಇಲ್ಲದ ಮರ ಯಾರಿಗೆ ಬೇಕು, ಕಡಿಯಿರಿ ಎಂದು ನೀನು ಹೇಳಿದರೆ ನಾನು ಬಾಯಿ ಬಿಡುವುದಿಲ್ಲ. ಆ ಹಕ್ಕು ನಿನಗಿದೆ. ಒಮ್ಮೆ ನಿನ್ನ ಮರದ ತೀರ್ಮಾನವನ್ನು ನಾನು ಮಾಡಿದ್ದೆ, ಈ ಸಲ ನೀನು ಮಾಡು. ಆದರೆ ನೀನಿಲ್ಲದೆ ಆಗಬಾರದು. ಅದಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತೇನೆ, ಸಹಿ ಹಾಕುವುದೊಂದನ್ನು ಬಿಟ್ಟು.

ಅಂಗಡಿಯವರು ರಜೆ ಕೊಡುವುದಿಲ್ಲ ಎಂದು ನೆಪ ಹೇಳಬೇಡ. ಮೂರು ವರ್ಷದಲ್ಲಿ ನೀನು ಒಂದು ದಿನವೂ ರಜೆ ಹಾಕಿಲ್ಲ ಎಂದು ಹಾರ್ನ್‌ಗೆ ನೀನೇ ಬರೆದಿದ್ದೀಯ. ಭಾನುವಾರ, ಹದಿನಾಲ್ಕಕ್ಕೆ, ಮಧ್ಯಾಹ್ನದ ರೈಲು ಹಿಡಿದರೆ ಸಂಜೆ ಕತ್ತಲಾಗುವ ಮುಂಚೆ ಇಲ್ಲಿರುತ್ತೀಯ. ನರ್ಸಮ್ಮ ಅಷ್ಟೊತ್ತಿಗೆ ಕ್ಯಾನನ್ನು ನಿನ್ನ ಬಾಗಿಲ ಕೊಕ್ಕೆಗೆ ಹಾಕಿರುತ್ತಾರೆ. ಕೀಲಿ ನನ್ನ ಹತ್ತಿರ ಕೇಳುವುದು ಬೇಡ ಎನ್ನಿಸಿದರೆ ಹಾರ್ನ್ ಹತ್ತಿರ ಒಂದು ಕೊಟ್ಟಿದ್ದೇನೆ. ನನ್ನ ಮನೆಗೆ ಬರಬೇಕು, ನನ್ನ ಜೊತೆ ಉಣ್ಣಬೇಕು, ಮಾತಾಡಬೇಕು ಎಂದು ಯಾವ ಕರಾರೂ ಇಲ್ಲ. ಬೆಳಿಗ್ಗೆ ಆರೂವರೆಗೆ ನಲ್ಲಿ ತಿರುಗಿಸಿದ ಸದ್ದು ಕೇಳಿದರೆ ಸಾಕು. ಆ ನಲ್ಲಿಯ ಕೀರಲು ನನ್ನ ಕಿಟಕಿಯವರೆಗೂ ಬರುತ್ತದೆ.

ಹದಿನೆಂಟು ಕ್ಯಾನು. ಮೂಲೆಯ ಗುಲಾಬಿಗೆ ಅರ್ಧ ಸಾಕು, ಅದಕ್ಕೆ ಹೆಚ್ಚಾದರೆ ಆಗಿಬರುವುದಿಲ್ಲ. ಸಹಿಯನ್ನು ನೀನೇ ಹಾಕು, ಬಾಲ ಸ್ವಲ್ಪ ಉದ್ದ ಎಳೆ. ನಾನು ಎಳೆಯುತ್ತಿದ್ದದ್ದು ಗಿಡ್ಡವಾಗುತ್ತಿತ್ತು ಎಂದು ಮೇಷ್ಟ್ರು ತಿದ್ದಿ ತೋರಿಸಿದ್ದಾರೆ.

ಬರುತ್ತೀಯ ಎಂದೇ ತಿಳಿದು ಪರದೆ ಹಾಕಿದ್ದೇನೆ.

ನಿನ್ನ ಬಾಯಿಂದ ಗುಂಡಿ ಕಕ್ಕಿಸಿದ,
ಅಕ್ಕ

ಮರೆತಿದ್ದು: ಮರೆತಿದ್ದಲ್ಲ, ಮೂರು ಸಲ ಬರೆಯಲು ಹೋಗಿ ಬಿಟ್ಟದ್ದು. ಈ ಕಾಗದದ ಅಕ್ಷರ ಹೆಬ್ಬೆರಳ ಗಾತ್ರ ಇರುವುದನ್ನೂ ಸಾಲುಗಳು ಒಂದರ ಮೇಲೊಂದು ಹತ್ತಿರುವುದನ್ನೂ ನೀನು ಆಗಲೇ ಗಮನಿಸಿರುತ್ತೀಯ. ಕೊಂಬೆ ಬಿದ್ದ ಮಾರನೇ ದಿನ ಕಿಟಕಿಯ ತುಂಬ ಬೆಳಕು ಬಂತು, ಗುಂಡಿ. ಖುಷಿಯಿಂದ ಸೂಜಿ ಎತ್ತಿ ಹಿಡಿದೆ. ಅದರ ಕಣ್ಣು ಆಗಲೂ ಕಾಣಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೊಂಬೆ ಅಡ್ಡ ಎಂದೆ. ಅಡ್ಡ ಬಂದಿದ್ದದ್ದು ನನ್ನ ಕಣ್ಣೇ. ಅದನ್ನು ನಿನಗೆ ಹೇಳಬೇಕೆಂದುಕೊಂಡ ದಿನವೇ ನೀನು ಚೌಕ ಸುತ್ತಿಕೊಂಡು ಹೋದೆ. ಕನ್ನಡಕ ಮರೆತದ್ದು, ಬೆರಳಿಗೆ ವಾತ, ಎಲ್ಲ ಸುಳ್ಳು. ಎರಡು ಕಣ್ಣಿನಲ್ಲೂ ನಡುವಿನ ಭಾಗ ಹೋಗುತ್ತಿದೆ, ಅಂಚು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನೇರ ನೋಡಿದರೆ ಕಾಣುವುದಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಇದು ಯಾರಿಗೂ ಗೊತ್ತಿಲ್ಲ, ನಿನಗೇ ಮೊದಲು. ಕನಿಕರಕ್ಕೆ ಬರಬೇಡ, ಪಾಳಿಗೆ ಬಾ. ಬಂದಾಗ ನಾನು ನಿನ್ನ ಕಿವಿಯ ಕಡೆಗೋ ಹೆಗಲ ಕಡೆಗೋ ನೋಡುತ್ತ ನಿಂತಿದ್ದರೆ, ಅಕ್ಕ ಮತ್ತೆ ಮುಖ ತಿರುಗಿಸಿದಳು ಎಂದುಕೊಳ್ಳಬೇಡ. ನಿನ್ನ ಮುಖವನ್ನೇ ನೋಡುತ್ತಿರುತ್ತೇನೆ.